ಗವರ್ನರ್‌ಪೇಟೆಯ ಅಳಿಯನೂ ಉಮಾದೇವಿಯ ಪಾಠವೂ

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಸೂರ್ಯನೂ ಹಾರ್ನ್ ಹೊಡೆದೇ ಮೇಲೆ ಬರಬೇಕು, ಇಲ್ಲದಿದ್ದರೆ ಯಾರೂ ದಾರಿ ಬಿಡುವುದಿಲ್ಲ. ಅಂಥ ಪೇಟೆ ಬಾಯಿ ಮುಚ್ಚಿಕೊಂಡಿರುವುದು ಬೆಳಗಿನ ಜಾವ ಮಾತ್ರ. ಆ ಹೊತ್ತಿನಲ್ಲಿ, ಶಟರ್ ಎಳೆದ ಬಟ್ಟೆ ಅಂಗಡಿಯ ಮುಂದೆ, ಆಟೋ ಚಾಲಕರೂ ಹಮಾಲರೂ ಗುಂಪಾಗಿ ಮಂಡಿಯೂರಿದ್ದಾರೆ. ನಡುವೆ ಗೋಣಿತಾಟಿನ ಮೇಲೆ ಅಂಗಾತ ಮಲಗಿರುವವನು ಜರಿ ಪೇಟದ, ಹುರಿಮೀಸೆಯ, ಕೆಂಪು ತುಟಿಯ ಒಬ್ಬ ಮರದ ಮನುಷ್ಯ. ಎಲ್ಲರೂ ಅವನನ್ನು ‘ಅಲ್ಲುಡುಗಾರು’ ಎನ್ನುತ್ತಾರೆ, ಅಂದರೆ ಅಳಿಯಂದಿರು. ಕಾರಣ ಸರಳ. ಅವನು ಏನೂ ಮಾಡದೆ ಮಲಗಿರುತ್ತಾನೆ, ಊರೆಲ್ಲ ಅವನ ಉಪಚಾರಕ್ಕೆ ನಿಂತಿರುತ್ತದೆ.

“ಭುಜ ತಟ್ಟಿ ಕೂಗಿ! ಏಳ್ತಾನಾ? ಇಲ್ಲ. ಎದೆ ಏರಿಳೀತಿದೆಯಾ ನೋಡಿ. ದಡಕ್ಕೆ ಬಿದ್ದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದರೆ ಅದು ಉಸಿರಲ್ಲ! ಒಬ್ಬರು ನೂರಾ ಎಂಟಕ್ಕೆ ಫೋನ್ ಮಾಡಿ, ಒಬ್ಬರು ಎದೆ ಒತ್ತೋಕೆ ಶುರು ಮಾಡಿ!”

ದನಿ ಉಮಾದೇವಿಯದು. ಅದು ಎಂಥ ದನಿಯೆಂದರೆ, ಬ್ಯಾರೇಜಿನ ಹತ್ತಿರ ಹರಿಯುವ ಕೃಷ್ಣೆ ಕೂಡ ಒಂದು ಗಳಿಗೆ ನಿಂತು, ತನ್ನನ್ನೇ ಕರೆದರೇನೋ ಎಂದು ಹಿಂತಿರುಗಿ ನೋಡುತ್ತಾಳೆ. ಪಾಠವೆಲ್ಲ ತೆಲುಗಿನಲ್ಲಿ. ಕೋಪ ಮಾತ್ರ ಹೊಸಪೇಟೆಯ ಕನ್ನಡದಲ್ಲಿ. “ಮೊಣಕೈ ಮಡಚಬ್ಯಾಡೋ ಮಾರಾಯಾ, ರೊಟ್ಟಿ ಹಿಟ್ಟು ನಾದಾಕತ್ತೀಯೇನು?” ಎಂದು ಅವರು ಗುಡುಗಿದರೆ, ಕನ್ನಡದ ಒಂದಕ್ಷರವೂ ಬಾರದ ಚಾಲಕನ ಮೊಣಕೈ ತಂತಾನೇ ನೆಟ್ಟಗಾಗುತ್ತದೆ.

ಮದುವೆಯಾಗಿ ವಿಜಯವಾಡಕ್ಕೆ ಬಂದ ಉಮಾದೇವಿ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ತಲುಪುವವರೆಗೆ ಜೀವ ಹಿಡಿದು ನಿಲ್ಲಿಸುವ ಕೆಲಸದವರು. ದಿನಕ್ಕೆ ಎಂಟೋ ಹತ್ತೋ ಕರೆ. ಹೆರಿಗೆ, ಬೈಕ್ ಅಪಘಾತ, ಕೊಂಡಪಲ್ಲಿ ಕಡೆಯ ಕಾರ್ಖಾನೆಗಳ ಸುಟ್ಟಗಾಯ, ಬಿಸಿಲಿಗೆ ಕುಸಿದ ಮುದುಕರು. ಅವರ ಗಾಡಿಯಲ್ಲೇ ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿದರೆ ಒಂದು ಶಾಲೆ ತೆರೆಯಬಹುದು, ಹೆಡ್‌ಮಾಸ್ಟರನ್ನೂ ಆ ಮಕ್ಕಳಲ್ಲೇ ಹುಡುಕಿಕೊಳ್ಳಬಹುದು! ಇಷ್ಟಾಗಿಯೂ ಊಟ ನಿಂತಲ್ಲೇ, ಬಯ್ಗುಳ ಹೋದಲ್ಲೆಲ್ಲ. ಗಾಡಿ ಎಷ್ಟು ಬೇಗ ಬಂದರೂ “ಇಷ್ಟು ಹೊತ್ತಾ?” ಎನ್ನುವುದೇ ಜನರ ಸ್ವಾಗತ.

“ಅವ್ರದೂ ತಪ್ಪಲ್ರೀ,” ಎನ್ನುತ್ತಾರೆ ಉಮಾದೇವಿ. “ಎದಿ ಬಡಿತ ನಿಂತ ಮ್ಯಾಲೆ ಒಂದೊಂದು ನಿಮಿಷಾನೂ ಭಾಳ ಆತು. ನಮ್ಮ ಗಾಡಿ ಈ ಟ್ರಾಫಿಕ್‌ನಾಗ ಹಾರಿ ಬರಾಕ ಆಕೈತೇನ್ರೀ? ನಾ ಹೋಗಿ ನೋಡಿದ್ರ ಸುತ್ತ ಐವತ್ತು ಮಂದಿ ನಿಂತಿರ್ತಾರ. ಒಬ್ರು ಗಾಳಿ ಬೀಸ್ತಾರ, ಒಬ್ರು ಬಾಯಿಗೆ ನೀರು ಹೊಯ್ತಾರ, ಹತ್ತು ಮಂದಿ ವಿಡಿಯೋ ತೆಗೀತಾರ. ಎದಿ ಮ್ಯಾಲೆ ಕೈ ಇಡೋರು ಒಬ್ರೂ ಇರಂಗಿಲ್ಲ.”

ಆ ಒಬ್ಬರನ್ನು ಹುಟ್ಟಿಸಲೆಂದೇ ಈ ಪಾಠ. ರಜೆಯ ದಿನವೂ ಕೋಳಿಗಿಂತ ಮುಂಚೆ ಎದ್ದು ಹೊರಡುವ ಸೊಸೆಯನ್ನು ಕಂಡು ಅತ್ತೆ ಸೂರ್ಯಕಾಂತಮ್ಮ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ: “ನನ್ನ ಕಾಲು ಒತ್ತಮ್ಮಾ ಅಂದರೆ ಟೈಮಿಲ್ಲ. ಕಟ್ಟಿಗೆಯ ಎದೆ ಒತ್ತೋಕೆ ಮಾತ್ರ ಪುರುಸೊತ್ತು!”

ಆ ಕಟ್ಟಿಗೆಯನ್ನು ಕೆತ್ತಿದವರು ಕೊಂಡಪಲ್ಲಿಯ ಬೊಂಬೆ ಕಲಾವಿದ ಕಾಮೇಶ್ವರ. ಅಂಗೈ ಮೇಲೆ ಆನೆ, ಅಂಬಾರಿ, ಮಾವುತ ಮೂವರನ್ನೂ ನಿಲ್ಲಿಸುವ ಬೆರಳು ಅವರದು. ಉಮಾದೇವಿ ಆಳೆತ್ತರದ ಬೊಂಬೆ ಕೇಳಿದಾಗ ಅವರು ಮೂರು ಲೋಕದಲ್ಲೂ ಇಲ್ಲದ್ದನ್ನು ಮಾಡಿಕೊಟ್ಟರು. ಎದೆಯೊಳಗೆ ಹಳೇ ಸ್ಕೂಟರಿನ ಸ್ಪ್ರಿಂಗ್, ಅದರ ಕೆಳಗೆ ಸದ್ದು ಮಾಡುವ ಒಂದು ಮರದ ಚಿಟಿಕೆ. ಎರಡು ಇಂಚು ಸರಿಯಾಗಿ ಒತ್ತಿದರೆ ‘ಟಕ್’ ಎನ್ನಬೇಕು. ಸದ್ದು ಬಂದರೆ ಪಾಸು, ಬಾರದಿದ್ದರೆ ಫೇಲು. ಚಾಲಕರಿಗೆ ಇದು ಜೂಜಿಗಿಂತ ಹೆಚ್ಚು ರುಚಿಸಿತು. ಟಕ್, ಟಕ್, ಟಕ್ ಎಂದು ಪೇಟೆ ಬೆಳಗಾಗುತ್ತಿತ್ತು.

ಎಡವಟ್ಟು ಹುಟ್ಟಿದ್ದು ಅಲ್ಲೇ. ಎರಡು ತಿಂಗಳ ಕೆಳಗೆ ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರಿ ಈಶ್ವರಯ್ಯ ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬುಡ ಕಡಿದ ಮರದಂತೆ ಬಿದ್ದರು. ಉಸಿರಿಲ್ಲ. ಎದುರಿನ ಸ್ಟ್ಯಾಂಡಿನಿಂದ ಹಾರಿ ಬಂದವನು ಆಟೋ ಚಾಲಕ ಫಣಿ, ಪಾಠ ಒಂದು ದಿನವೂ ತಪ್ಪಿಸದವನು. ಭುಜ ತಟ್ಟಿದ, ಫೋನ್ ಮಾಡಿಸಿದ, ಎದೆಯ ನಡುಮಧ್ಯೆ ಕೈಯಿಟ್ಟು ಒತ್ತತೊಡಗಿದ. ಎಲ್ಲವೂ ಸರಿಯೇ. ಆದರೆ ಸದ್ದು ಬರಲಿಲ್ಲ! ಅಳಿಯನ ಎದೆ ‘ಟಕ್’ ಎನ್ನುತ್ತಿತ್ತು, ಈಶ್ವರಯ್ಯನವರ ಎದೆ ಸುಮ್ಮನಿತ್ತು. ಫಣಿ ಇನ್ನೂ ಬಲ ಹಾಕಿದ. ಇನ್ನೂ. ಕೊನೆಗೆ ಸದ್ದು ಬಂತು. ಅವನಿಗೆ ಪ್ರಾಣ ಬಂದಷ್ಟು ಸಂತೋಷ. ಆದರೆ ಅದು ಪಕ್ಕೆಲುಬು ಮುರಿದ ಸದ್ದು.

ಆಂಬುಲೆನ್ಸ್ ಬಂತು. ಇಳಿದವರು ಉಮಾದೇವಿಯೇ. ಯಂತ್ರದ ಪಟ್ಟಿಗಳನ್ನು ಎದೆಗೆ ಅಂಟಿಸಿ ಒಂದು ಶಾಕ್ ಕೊಟ್ಟರು. ನಿಂತ ನಾಡಿ ಮಿಡಿಯಿತು. ಆದರೆ ಆಸ್ಪತ್ರೆಯಲ್ಲಿ ಪ್ರಜ್ಞೆ ಮರಳಲಿಲ್ಲ. ವಿಶಾಖಪಟ್ಟಣದ ಮಧುರವಾಡದಲ್ಲಿ ಕೆಲಸ ಮಾಡುವ ಮಗಳು ಜಾಹ್ನವಿ ಸಿಕ್ಕ ರೈಲು ಹತ್ತಿ ಬಂದಳು. ಅವಳ ಕೈಗೆ ಮೊದಲು ಸಿಕ್ಕಿದ್ದು ಎರಡು ಎಲುಬು ಮುರಿದ ಎಕ್ಸ್‌ರೇ. ನೇರ ಆಟೋ ಸ್ಟ್ಯಾಂಡಿಗೆ ಬಂದು ನಿಂತಳು. “ನಮ್ಮಪ್ಪನ ಎಲುಬು ಮುರಿದವರು ಯಾರು? ನಿಮಗೆ ಇದನ್ನ ಹೇಳಿಕೊಟ್ಟವರು ಯಾರು? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!”

ಮರುದಿನ ಬೆಳಗ್ಗೆ ಪಾಠಕ್ಕೆ ಬಂದದ್ದು ಅಳಿಯನೊಬ್ಬನೇ. ಅವನನ್ನೂ ಉಮಾದೇವಿಯೇ ಹೊತ್ತು ತಂದಿದ್ದರು. ಫಣಿ ದೂರದಲ್ಲಿ ಆಟೋದೊಳಗೆ ಕೂತು, ತನ್ನ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. “ಇನ್ಮೇಲೆ ಯಾರು ಬಿದ್ದರೂ ಮುಟ್ಟಲ್ಲ ಮೇಡಂಗಾರೂ,” ಎಂದ. ಸ್ಟ್ಯಾಂಡಿನವರೆಲ್ಲ ಹಾಗೇ ಅಂದರು. ಉಮಾದೇವಿ ಹೆದರಿದ್ದು ಆ ಮಾತಿಗೇ. ಪೊಲೀಸರ ಭಯವಲ್ಲ. ಇಷ್ಟು ದಿನ ಹುಟ್ಟಿಸಿದ ಅಷ್ಟೂ ಕೈಗಳು ಒಂದೇ ದಿನದಲ್ಲಿ ಜೇಬಿಗೆ ಹೋಗಿದ್ದವು. ಸರಿಯಾಗಿ ಒತ್ತಿದರೂ ಎಲುಬು ಮುರಿಯುವುದುಂಟು, ಮುರಿದದ್ದು ಕೂಡುತ್ತದೆ ಎಂದು ಎಷ್ಟು ಹೇಳಿದರೂ ಅವರ ಮಾತು ಯಾರಿಗೂ ಕೇಳಿಸಲಿಲ್ಲ. ಕೃಷ್ಣೆಯನ್ನು ನಿಲ್ಲಿಸುವ ದನಿಗೇ ಆ ಗತಿ.

ಮೂರನೆಯ ದಿನ ಈಶ್ವರಯ್ಯ ಕಣ್ಣು ತೆರೆದರು. ಸುದ್ದಿ ಕೇಳಿದ ಕೂಡಲೇ ಉಮಾದೇವಿ ಫಣಿಯ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದರು. ಮಂಚದ ಪಕ್ಕ ಜಾಹ್ನವಿ ಕಾವಲು ಕೂತಿದ್ದಳು. ಫಣಿ ಬಾಗಿಲಲ್ಲೇ ಕೈಮುಗಿದ. “ತಪ್ಪಾಯ್ತು ಸಾರ್. ನಿಮ್ಮಿಂದ ಸೌಂಡ್ ಬರಲಿಲ್ಲ. ಅದಕ್ಕೇ ಜೋರಾಗಿ ಒತ್ತಿಬಿಟ್ಟೆ.”

“ಸೌಂಡಾ? ನನ್ನಿಂದಾನಾ?” ಅಜ್ಜನ ಕಾಲದಲ್ಲೇ ಕೋಲಾರದಿಂದ ಬಂದರೂ ಮನೆಮಾತಾಗಿ ಕನ್ನಡವನ್ನೇ ಉಳಿಸಿಕೊಂಡ ಮನೆತನದ ಈಶ್ವರಯ್ಯ ಕಣ್ಣರಳಿಸಿದರು. ಮರದ ಅಳಿಯನ ಕತೆಯನ್ನೆಲ್ಲ ಫಣಿ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವರಿಗೆ ನಗು ಬಂತು. ನಕ್ಕರೆ ಪಕ್ಕೆ ನೋವು. ನೋವಿಗೆ “ಅಯ್ಯಯ್ಯೋ!” ಎಂದರೆ ಮತ್ತೆ ನಗು. “ಏಯ್, ನಗಿಸಬೇಡ್ರೋ... ಒಳ್ಳೇ ಪಾತ್ರೆ ಕೊಳ್ಳೋಕೆ ಬಂದವನ ಹಾಗೆ ನನ್ನೂ ತಟ್ಟಿ ಸೌಂಡ್ ನೋಡಿದ್ಯಾ ನೀನು! ಜಾನೂ, ನೋವು ಆಗ್ತಿದೆ ಅಂದ್ರೆ ಜೀವ ಇದೆ ಅಂತ ಅಲ್ವಾ ಅಮ್ಮಾ? ಇವನು ಬರದೇ ಇದ್ದಿದ್ರೆ ಯಾವ ನೋವೂ ಇರ್ತಾ ಇರ್ಲಿಲ್ಲ, ನಾನೂ ಇರ್ತಾ ಇರ್ಲಿಲ್ಲ.”

ಮೂರು ದಿನ ಕಲ್ಲಾಗಿ ಕೂತಿದ್ದ ಜಾಹ್ನವಿ ಅಲ್ಲೇ ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಎದ್ದು ಫಣಿಗೆ ತನ್ನ ಕುರ್ಚಿ ಕೊಟ್ಟಳು. ಉಮಾದೇವಿ ಹೊರಗೆ ವರಾಂಡಕ್ಕೆ ಬಂದು ಬಿಟ್ಟ ನಿಟ್ಟುಸಿರಿಗೆ ನೋಟಿಸ್ ಬೋರ್ಡಿನ ಕಾಗದಗಳೆಲ್ಲ ಹಾರಿಹೋದವು ಎನ್ನುತ್ತಾರೆ ನೋಡಿದವರು.

ಜೇಬಿಗೆ ಹೋಗಿದ್ದ ಕೈಗಳೆಲ್ಲ ಮತ್ತೆ ಪಾಠಕ್ಕೆ ಬಂದಿವೆ. ಕಾಮೇಶ್ವರ ಒಲ್ಲದ ಮನಸ್ಸಿನಿಂದ ಬೊಂಬೆಯ ಚಿಟಿಕೆ ಕಿತ್ತು ತೆಗೆದಿದ್ದಾರೆ. “ಮಾತಾಡೋ ಬೊಂಬೆಯನ್ನ ಮೂಗ ಮಾಡಿಬಿಟ್ರಿ,” ಎಂದು ಅವರ ಆಕ್ಷೇಪಣೆ ಇಂದಿಗೂ ಇದೆ. ಈಗ ಸದ್ದಿಗೆ ಕಾಯುವವರಿಲ್ಲ. ಎಷ್ಟು ಆಳ ಸಾಕು ಎಂದು ಕೈಗೇ ರೂಢಿಯಾಗುವವರೆಗೆ ಉಮಾದೇವಿ ಪಕ್ಕದಲ್ಲಿ ಕೂತು ತಿದ್ದುತ್ತಾರೆ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕೆಂದು ಮತ್ತೆ ಮತ್ತೆ ಹೇಳುತ್ತಾರೆ.

ಇಂದಿನ ಪಾಠಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ರಜೆಗೆಂದು ಬಂದಿರುವ ಜಾಹ್ನವಿ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಗೋಣಿತಾಟಿನ ಪಕ್ಕ ಮಂಡಿಯೂರಿದ್ದಾಳೆ. ಗುರು ಯಾರೆಂದರೆ ಫಣಿ! “ಇನ್ನೂ ಸ್ಪೀಡು, ಮೇಡಂ! ನಮ್ಮ ಆಟೋ ಮೀಟರ್ ಓಡೋ ಹಾಗೆ!” ಎಂದು ಅವನು ಕೂಗುತ್ತಿದ್ದರೆ, ಅವಳು ಬೆವರೊರೆಸುತ್ತ ಉಮಾದೇವಿಯ ಕಡೆ ತಿರುಗುತ್ತಾಳೆ. “ಅಕ್ಕಾ, ಮಧುರವಾಡದಲ್ಲಿರೋ ನಮ್ಮ ಅಪಾರ್ಟ್‌ಮೆಂಟಿಗೂ ಬರ್ತೀರಾ? ಅಲ್ಲಿ ಎಲ್ಲಾ ಕಂಪ್ಯೂಟರ್ ಒತ್ತೋ ಕೈಗಳೇ.”

“ಬರ್ತೀನವ್ವಾ. ಆದ್ರ ಅಳಿಯಾಗೂ ಒಂದು ಸೀಟು ಬುಕ್ ಮಾಡು,” ಎನ್ನುತ್ತಾರೆ ಉಮಾದೇವಿ.

ಡ್ಯೂಟಿಯ ಹೊತ್ತಾಗುತ್ತದೆ. ಇಷ್ಟೆಲ್ಲ ಮಾಡುವ ನಿಮಗೆ ಸನ್ಮಾನ, ಶಾಲು, ಫಲಕ ಏನಾದರೂ ಬೇಕೇ ಎಂದು ಕೇಳಿದರೆ ಅವರು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಸ್ವಲ್ಪ ಯೋಚಿಸುತ್ತಾರೆ.

“ಶಾಲು ಹೊದ್ಕೊಂಡು ಈ ಊರ ಬಿಸಿಲಾಗ ಏನ್ ಮಾಡ್ಲಿರೀ? ಒಂದೇ ಆಸೆ ಐತಿ ನೋಡ್ರಿ. ನಾ ಗಾಡಿ ಇಳಿದು ಓಡಿ ಹೋದಾಗ, ಅಲ್ಲಿ ಒತ್ತಿಕೋತ ಕುಂತಿರೋರು ಯಾರೋ ಗುರುತಿಲ್ಲದೋರು ಇರ್ಬೇಕು. ತಲಿ ಎತ್ತಿ ಸೈತ ನೋಡ್ದಂಗ ‘ಅಡ್ಡ ನಿಂದ್ರಬ್ಯಾಡ, ಅತ್ಲಾಗ ಸರಿ’ ಅಂತ ನನಗೇ ಬೈಬೇಕು. ಹಂಗ ಬೈಸ್ಕೊಂಡ್ರ ಅವತ್ತು ಉಂಡಿದ್ದು ಮೈಗೆ ಹತ್ತತೈತಿ.”