ಬರೆದುಕೊಳ್ಳದ ಹೊಲದ ಹೆಸರುಗಳು

"ಓದಿದವಳು ನೀನು. ನಮ್ಮೂರ ಹೊಲಗಳ ಐರಿಷ್ ಹೆಸರು ಹೇಳ್ತೀನಿ, ಬರ್ಕೊಳ್ತೀಯಾ? ನನ್ನ ಕೈ ನಡುಗುತ್ತೆ," ಎಂದರು ಪಕ್ಕದ ಮನೆಯ, ಎಂಬತ್ತು ದಾಟಿದ ಜಿಮ್, ಲಾಕ್‌ಡೌನಿನ ದಿನಗಳಲ್ಲಿ ಬೇಲಿಯಾಚೆ ನಿಂತು.

ಇಲ್ಲಿ ಐರ್ಲೆಂಡಿನ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಗೆ ಶಿಫ್ಟಿಗೆ ಹೊರಟಿದ್ದೆ. "ಮ್ಯಾಪಲ್ಲಿ ಇರುತ್ತಲ್ಲ ಜಿಮ್?"

"ಅದು ಇಂಗ್ಲಿಷರು ಬಾಯಿಗೆ ಬಂದಂಗೆ ಬರ್ಕೊಂಡಿದ್ದು. ಹೆಸರು ಯಾಕೆ ಬಂತು ಅಂತ ಅದರಲ್ಲಿಲ್ಲ ಕಣಮ್ಮ."

"ಶನಿವಾರ ಖಂಡಿತ ಬರೀತೀನಿ," ಅಂದೆ. "ಗ್ರ್ಯಾಂಡ್, ಹಾಗೇ ಆಗ್ಲಿ," ಎಂದು ನಕ್ಕರು. ಗುರುವಾರ ಕೋವಿಡ್ ಎಂದು ಆಸ್ಪತ್ರೆಗೆ ಒಯ್ದರು, ಜಿಮ್ ಹಿಂತಿರುಗಲಿಲ್ಲ. ಆ ಹೆಸರುಗಳು ಗೊತ್ತಿದ್ದದ್ದು ಅವರೊಬ್ಬರಿಗೇ ಎಂದು ಆಮೇಲೆ ತಿಳಿಯಿತು.

ನಾನು ಹುಟ್ಟಿದ ಹಳ್ಳಿಯಲ್ಲಿ, ಹೆಬ್ಬೆಟ್ಟು ಒತ್ತುವ ನನ್ನಪ್ಪ ಒಂದು ಅರ್ಜಿ ಬರೆಸಲು ಓದಿದವರ ಮನೆಗೆ ಅಲೆಯುತ್ತಿದ್ದ. ಅವರು 'ನಾಳೆ ಬಾ' ಎನ್ನುತ್ತಿದ್ದರು. ಅದಕ್ಕೇ ಹಟ ಹಿಡಿದು ನನ್ನನ್ನು ಓದಿಸಿದ. ನಮ್ಮ ಮನೆಯ ಮೊದಲ ಪದವೀಧರೆ ನಾನು. ಜಿಮ್‌ಗೆ ನಾನೂ ಅದೇ 'ನಾಳೆ ಬಾ' ಹೇಳಿ ಕಳಿಸಿದೆ.