ಕರ್ನಾಲಿನಿಂದ ಪಿಂಜೋರಿಗೆ, ತುಂಬಿದ ಟ್ಯಾಂಕಿನಲ್ಲಿ

ದೆಹಲಿ ಬಿಡುವಾಗ ಕಾರಿನಲ್ಲಿದ್ದವರು ನಾನು ಮತ್ತು ಶಾರದ ಚಿಕ್ಕಮ್ಮ, ಇಬ್ಬರೇ. ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ಡಬ್ಬಿ ಪುಳಿಯೋಗರೆ. ಮಾರ್ಚ್ ತಿಂಗಳ ಭಾನುವಾರ. ಮೆಟ್ರೊ ಇನ್ನೂ ನಮ್ಮ ಇಂದಿರಾಪುರಂ ಕಡೆ ಬಂದಿರದ ಕಾಲ. ಬೆಳಗಿನ ಐದು ಗಂಟೆಗೇ ಮನೆ ಬಿಟ್ಟು ಓಲ್ಡ್ ರಾಜಿಂದರ್ ನಗರಕ್ಕೆ ಹೋದರೆ, ಚಿಕ್ಕಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಗೇಟಿನಲ್ಲೇ ನಿಂತಿದ್ದರು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದು ಐಎಎಸ್ಸಿಗೆ ಓದುತ್ತಿದ್ದ ಹುಡುಗಿಯರು ಬಾಲ್ಕನಿಯಿಂದ "ಆಂಟೀಜಿ, ಟಾಟಾ!" ಎಂದು ಕೈ ಬೀಸಿದರು.

"ಇಡೀ ಗಲ್ಲಿಗೇ ಹೇಳಿಟ್ಟಿದೀರಲ್ಲ ಚಿಕ್ಕಮ್ಮ?"

"ಅರವತ್ತೆಂಟು ವರ್ಷಕ್ಕೆ ಮೊದಲನೇ ಸಲ ವಿಮಾನ ಹತ್ತೋದು. ಹೇಳದೇ ಇರ್ತಾರೇನೋ? ಗಾಡಿ ಬಿಡು."

ಚಿಕ್ಕಮ್ಮ ಮೂವತ್ತು ವರ್ಷ ದೆಹಲಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಪರಊರಿಗೆ ಫೋನ್ ಮಾಡಬೇಕೆಂದರೆ ಇಂಥವರು ಬೋರ್ಡಿಗೆ ವೈರು ಚುಚ್ಚಿ ಊರಿಗೆ ಊರು ಸೇರಿಸಬೇಕಿದ್ದ ದಿನಗಳವು. ಪಾಣಿಪತ್, ಕರ್ನಾಲ್, ಅಂಬಾಲಾ, ಕಾಲ್ಕಾ ಅವರ ಪಾಲಿನ ಊರುಗಳು. ನಾನು ಓದಲೆಂದು ಮೈಸೂರಿನಿಂದ ಬಂದು ಅವರ ಮನೆಯಲ್ಲಿದ್ದ ಐದು ವರ್ಷವೂ ಊಟಕ್ಕೆ ಕೂತಾಗಲೆಲ್ಲ ಈ ಊರುಗಳ ಸುದ್ದಿಯೇ. ಒಂದನ್ನೂ ಅವರು ಕಣ್ಣಿಂದ ಕಂಡವರಲ್ಲ.

"ಅಂಬಾಲಾದಲ್ಲಿ ಸಂತೋಷ್ ಅಂತ ಒಬ್ಬಳಿದ್ಳು. ಇಪ್ಪತ್ತು ವರ್ಷ ಮಾತಾಡಿದೀವಿ, ಮುಖ ನೋಡಿಲ್ಲ. ಮದುವೆಯಾಗಿದ್ದು, ಎರಡು ಹೆತ್ತಿದ್ದು, ಅತ್ತೆ ಹತ್ತಿರ ಬೈಸಿಕೊಂಡಿದ್ದು, ಎಲ್ಲಾ ನನಗೆ ಗೊತ್ತು."

"ಬಸ್ಸಿನಲ್ಲಿ ಹೋಗಿ ನೋಡಿಬರಬಹುದಿತ್ತಲ್ಲ?"

"ಬಸ್ಸಲ್ಲಾದ್ರೆ ಒಂದು ಊರು ಮುಗಿದ್ಮೇಲೆ ಇನ್ನೊಂದು. ಬೋರ್ಡಿನಲ್ಲಿ ಎಲ್ಲಾ ಒಟ್ಟಿಗೇ ಇರ್ತಿದ್ವು ಕಣೋ. ಹಾಗೆ ನೋಡ್ಬೇಕು ನಂಗೆ."

ಕರ್ನಾಲಿಗೆ ನೂರಿಪ್ಪತ್ತೈದು ಕಿಲೋಮೀಟರ್. ಮುರ್ಥಲ್ ಬಳಿ ಒಂದು ಢಾಬಾದಲ್ಲಿ ಪರಾಠಾ, ಚಹಾ. ಬೆಣ್ಣೆಯ ಗಾತ್ರ ನೋಡಿ ಚಿಕ್ಕಮ್ಮ, "ಭಯ್ಯಾ, ಇದರಲ್ಲಿ ನಮ್ಮನೆ ಒಂದು ವಾರ ನಡೀತದೆ" ಎಂದು ಹಿಂದಿಯಲ್ಲಿ ಹೇಳಿ ನಗಿಸಿದರು. ಎಂಟು ಗಂಟೆಗೆ ಕರ್ನಾಲಿನ ಏರ್‌ಸ್ಟ್ರಿಪ್ ತಲುಪಿದೆವು. ಬಿಸಿಲಿತ್ತು, ಗಾಳಿ ಇರಲಿಲ್ಲ. ಹಾರುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇಡ.

ವಿಮಾನ ನಾಲ್ಕು ಸೀಟಿನದು, ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕದು. ನಾನು, ಘಾಜಿಯಾಬಾದಿನ ಒಬ್ಬ ಹಲ್ಲಿನ ಡಾಕ್ಟರು ಮತ್ತು ಇನ್ನೊಬ್ಬ ಗೆಳೆಯ ಸೇರಿ ಅದನ್ನು ಕೊಂಡಿದ್ದೆವು. ಗೆಳೆಯ ವಿದೇಶಕ್ಕೆ ಹೊರಟಿದ್ದ. ಅವನ ಪಾಲು ಕೊಳ್ಳುವವರು ಸಿಗದಿದ್ದರೆ ವಿಮಾನ ಉಳಿಸಿಕೊಳ್ಳುವುದು ನಮ್ಮಿಬ್ಬರಿಂದ ಆಗದ ಮಾತು. ಗುಡಗಾಂವಿನ ಮೆಹ್ರಾ ಎಂಬ ಕಂಪನಿ ಅಧಿಕಾರಿ ಆಸೆ ತೋರಿಸಿದ್ದರು. ಅಂದು ನಾನೇ ವಿಮಾನ ಹಾರಿಸಿ ಅವರನ್ನು ಕಾಲ್ಕಾ ಪಕ್ಕದ ಪಿಂಜೋರಿಗೆ ಕರೆದೊಯ್ದು ತೋರಿಸುವುದು, ಹಿಂದಿನ ಸೀಟಿನಲ್ಲಿ ಚಿಕ್ಕಮ್ಮನನ್ನು ಕೂರಿಸುವುದು ನನ್ನ ಲೆಕ್ಕ.

ಮೆಹ್ರಾ ಹೆಂಡತಿಯನ್ನೂ ಕರೆತಂದಿದ್ದರು. "ಇವಳು ಒಪ್ಪಿದರೆ ಸೌದಾ ಮುಗಿದ ಹಾಗೆ!" ಎಂದು ನಕ್ಕರು.

ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ಹಾರಿ ಬಂದವರು ಎರಡೂ ಟ್ಯಾಂಕು ತುಂಬಿಸಿಯೇ ಮನೆಗೆ ಹೋಗಬೇಕು. ಮುಂದಿನವನಿಗೆ ತೊಂದರೆಯಾಗಬಾರದು, ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ಕೂರಬಾರದು ಎಂದು ನಾನೇ ಬರೆದು ಅಂಟಿಸಿದ ನಿಯಮ. ಹಿಂದಿನ ಭಾನುವಾರ ಹಾರಿದ್ದ ಡಾಕ್ಟರು ಅದನ್ನು ಅಕ್ಷರಶಃ ಪಾಲಿಸಿದ್ದರು. ಟ್ಯಾಂಕು ತುಂಬಿದ್ದರೆ ಆ ವಿಮಾನ ಹೊರುವುದು ಇನ್ನೂರ ಎಪ್ಪತ್ತೈದು ಕೆಜಿ ಜನರನ್ನು ಮಾತ್ರ. ಒಬ್ಬೊಬ್ಬರಾಗಿ ತೂಕದ ಮೆಷಿನ್ ಹತ್ತಿದೆವು. ನಾಲ್ವರೂ ಸೇರಿ ಮೂವತ್ತೆಂಟು ಕೆಜಿ ಹೆಚ್ಚು.

ಹ್ಯಾಂಗರ್ ನೋಡಿಕೊಳ್ಳುತ್ತಿದ್ದ ರಾಮ್‌ಫಲ್ ಕಿವಿಯ ಹತ್ತಿರ ಬಂದು, "ಸಾಬ್, ಥೋಡಾ ತೇಲ್ ನಿಕಾಲ್ ದೂಂ?" ಎಂದ. ಐವತ್ತೈದು ಲೀಟರ್ ಪೆಟ್ರೋಲು ಇಳಿಸಿದ್ದರೆ ಸಾಕಿತ್ತು. ಉಳಿದದ್ದರಲ್ಲಿ ಪಿಂಜೋರಿಗೆ ಹೋಗಿ ಬಂದರೂ ಮಿಗುತ್ತಿತ್ತು. ಆದರೆ ಹಾರಲು ಬೆಳಿಗ್ಗೆ ಫೋನಿನಲ್ಲಿ ಪಡೆದಿದ್ದ ಅನುಮತಿ ಒಂಬತ್ತೂವರೆಗೆ ಮುಗಿಯುತ್ತಿತ್ತು. ಮೆಹ್ರಾ ಗಡಿಯಾರ ನೋಡಿದರು, ಒಂಬತ್ತೂಕಾಲಾಗಿತ್ತು. ಕೊಳ್ಳಲು ಬಂದವರ ಎದುರು ಪೀಪಾಯಿ, ಪೈಪು ಹಿಡಿದು ಒದ್ದಾಡುವುದು ನನಗೆ ಬೇಡವಾಗಿತ್ತು. "ರಹನೇ ದೋ" ಎಂದುಬಿಟ್ಟೆ, ಇರಲಿ ಬಿಡು ಅಂತ.

ಚಿಕ್ಕಮ್ಮನಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಯಾರೂ ಏನೂ ಹೇಳುವ ಮೊದಲೇ ಕೈಚೀಲ ಎತ್ತಿಕೊಂಡು ನೆರಳಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂತರು.

"ಮಂಡಿ ಬೇರೆ ನೋಯ್ತಿದೆ. ಅಷ್ಟೆತ್ತರ ಕಾಲಿಡೋಕೆ ನನ್ನಿಂದ ಆಗಲ್ಲ. ನೀವು ಹೋಗ್ಬನ್ನಿ."

"ಮತ್ತೆ ಫೋನ್ ಮಾಡಿ ಅನುಮತಿ ಕೇಳಬೇಕಾಗುತ್ತೆ ಚಿಕ್ಕಮ್ಮ, ಅದಕ್ಕೇ..."

"ಒಂದು ಫೋನು," ಎಂದರು. ಆಮೇಲೆ, "ಹೋಗ್ಲಿ ಬಿಡು. ಮುಂದಿನ ಸಲ."

ನಾನು ಹೋದೆ.

ಮುಕ್ಕಾಲು ಗಂಟೆಯ ದಾರಿ. ಕೆಳಗೆ ಗೋಧಿ ಹೊಲಗಳು ಹಳದಿಗೆ ತಿರುಗುತ್ತಿದ್ದವು. ಮೆಹ್ರಾ ಗಂಟೆಗೆ ಎಷ್ಟು ಪೆಟ್ರೋಲು, ಎಂಜಿನ್ ಇನ್ನೆಷ್ಟು ವರ್ಷ, ಎಂದು ಕೇಳುತ್ತಲೇ ಇದ್ದರು. ಅವರ ಹೆಂಡತಿ ಕುರುಕ್ಷೇತ್ರ ಬರುವ ಮೊದಲೇ ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಖಾಲಿ ಸೀಟು. ಪಿಂಜೋರಿನಲ್ಲಿ ಇಳಿದಾಗ ಗುಡ್ಡಗಳು ಕೈಗೆಟಕುವಷ್ಟು ಹತ್ತಿರ. ಚಹಾ ಕುಡಿದು, ಫೋಟೊ ತೆಗೆಸಿಕೊಂಡು, ಒಂದು ಗಂಟೆಯ ಮೇಲೆ ಹಿಂತಿರುಗಿದೆವು.

ಬಂದಾಗ ಚಿಕ್ಕಮ್ಮ ಮತ್ತು ರಾಮ್‌ಫಲ್ ಪುಳಿಯೋಗರೆಯನ್ನು ಮುಕ್ಕಾಲು ಖಾಲಿ ಮಾಡಿದ್ದರು. ಮೆಹ್ರಾ ದಂಪತಿ ಕೈ ಕುಲುಕಿ ಹೊರಟ ಮೇಲೆ ಚಿಕ್ಕಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಹೇಳು, ಅಂಬಾಲಾ ಹೇಗಿದೆ? ನಾಲ್ಕೂ ಕಡೆಯಿಂದ ರೈಲು ಹಳಿ ಬಂದು ಸೇರ್ತಾವಂತೆ. ಸಂತೋಷ್ ಹೇಳ್ತಿದ್ಳು."

ಅಂಬಾಲಾ ದಾಟುವಾಗ ನಾನು ಮೆಹ್ರಾಗೆ ಎಂಜಿನ್ನಿನ ಆಯುಸ್ಸು ವಿವರಿಸುತ್ತಿದ್ದೆ.

"ನೋಡಲಿಲ್ಲ ಚಿಕ್ಕಮ್ಮ."

"ಹೋಗುವಾಗ ನೋಡದಿದ್ರೆ ಬರುವಾಗ?"

"ಆಗಲೂ ಇಲ್ಲ."

ಚಿಕ್ಕಮ್ಮ "ಊಟ ಮಾಡು, ಹೊತ್ತಾಗಿದೆ" ಎಂದು ಡಬ್ಬಿ ಮುಂದಿಟ್ಟರು. ಹೊರಡುವ ಮೊದಲು ನಾನು ಟ್ಯಾಂಕು ತುಂಬಿಸಿದೆ. ನಿಯಮ ನಿಯಮವೇ ತಾನೆ?

ಮೆಹ್ರಾರಿಂದ ಫೋನು ಬರಲಿಲ್ಲ. ಏಪ್ರಿಲಿನಲ್ಲಿ ವಿಮಾನ ಹಾರಲು ಬೇಕಾದ ವಾರ್ಷಿಕ ಸರ್ಟಿಫಿಕೇಟು ಮುಗಿಯಿತು. ಹೊಸದು ಮಾಡಿಸುವ ಶಕ್ತಿ ಡಾಕ್ಟರಿಗೂ ನನಗೂ ಇರಲಿಲ್ಲ. ಅದು ಮತ್ತೆ ನಮ್ಮ ಕೈಯಲ್ಲಿ ಹಾರಲಿಲ್ಲ.

ಡಿಸೆಂಬರಿನಲ್ಲಿ ಜೈಪುರದವರೊಬ್ಬರು ಕೊಂಡು, ರಿಪೇರಿ ಮಾಡಿಸಿ, ಒಯ್ಯಲು ಬಂದರು. ಜೊತೆಗೆ ಮೂವರು ಗೆಳೆಯರು. ಚಿಕ್ಕಮ್ಮ ತಾವೂ ಬರುತ್ತೇನೆಂದು ಹಟ ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕೂತಿದ್ದರು. ರಾಮ್‌ಫಲ್ ಯಾರನ್ನೂ ಕೇಳದೆ ರೆಕ್ಕೆಯ ಕೆಳಗೆ ಪೀಪಾಯಿ ಉರುಳಿಸಿ ತಂದು, ಪೈಪು ಹಚ್ಚಿ, ಪೆಟ್ರೋಲು ಇಳಿಸತೊಡಗಿದ. ಇಪ್ಪತ್ತೈದು ನಿಮಿಷ ಹಿಡಿಯಿತು. ನಾಲ್ವರೂ ಹತ್ತಿದರು. ವಿಮಾನ ಹಗುರವಾಗಿ ಎದ್ದು ದಕ್ಷಿಣಕ್ಕೆ ತಿರುಗಿತು.

ಚಿಕ್ಕಮ್ಮ ಪೀಪಾಯಿಯ ಕಡೆ ನೋಡಿದರು.

"ಇಷ್ಟೇನಾ ಕೆಲಸ?" ಎಂದರು.