ಸುರಪುರದ ಅಂಗಡಿಯಲ್ಲಿ ನನ್ನ ಅವ್ವ

ಇಂಥದ್ದು ಎಂದಿಗೂ ಆಗುವುದಿಲ್ಲ ಎಂದವನು ನನ್ನ ಭೀಮಣ್ಣ ಮಾಮಾ. ಅವ್ವನ ತಮ್ಮ. ಗೋಡೆಗಳ ಮೇಲೆ ಗೊಬ್ಬರ, ಸಿಮೆಂಟು, ಹತ್ತಿ ಬೀಜದ ಜಾಹೀರಾತು ಬರೆದು ಬದುಕಿದವನು. ಒಂದು ಕಾಲಕ್ಕೆ ಯಾದಗಿರಿಯಿಂದ ಸುರಪುರದವರೆಗೆ ಅವನ ಅಕ್ಷರವಿಲ್ಲದ ಊರೇ ಇರಲಿಲ್ಲ. ನಾನು ನನ್ನ ಅಂಗಡಿಯ ವೆಬ್‌ಸೈಟಿಗೆಂದು ಒಂದು ಪುಟ ಬರೆದು, ಇದನ್ನು ಯಾರಾದರೂ ಕದ್ದರೆ ಏನು ಮಾಡುವುದು ಎಂದು ಅವನೆದುರು ಚಿಂತೆ ಮಾಡಿದಾಗ, ಬೀಡಿ ಆರಿಸಿ ಹೇಳಿದ: “ಮೊದ್ಲ ಅದನ್ನ ಯಾರರ ಓದಬೇಕಲ್ಲವ್ವ. ಓದಲಾರದ್ದನ್ನ ಕದಿಯೋರು ಯಾರದಾರ?”

ನಿನ್ನೆ ಅಂಗಡಿಯಲ್ಲಿ ಹೊಸ ಲಗ್ನಪತ್ರಿಕೆಗಳ ಕಟ್ಟು ಬಿಚ್ಚುವಾಗ ಆ ಮಾತು ನೆನಪಾಯಿತು. ಆ ಕಟ್ಟಿನ ವಾಸನೆ ನಿಮಗೂ ಗೊತ್ತಿರುತ್ತದೆ, ಶಾಯಿ ಮತ್ತು ಅರಿಶಿನ ಬೆರೆತದ್ದು. ಶಾಯಿಯಷ್ಟೇ ನಮ್ಮದು, ಅರಿಶಿನ ನೀವು ಮನೆಗೆ ಒಯ್ದ ಮೇಲೆ ಹಚ್ಚುವುದು. ಆದರೂ ನನಗೆ ಕಟ್ಟು ಬಿಚ್ಚಿದ ಕೂಡಲೇ ಎರಡೂ ವಾಸನೆ ಬರುತ್ತವೆ. ಈ ಕಸುಬಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ಮೂಗಿಗೂ ಸ್ವಲ್ಪ ಸುಳ್ಳು ಹೇಳಲು ಬರುತ್ತದೆ.

ನನ್ನ ಅಂಗಡಿ ಶಹಾಪುರದಲ್ಲಿದೆ. ಲಗ್ನಪತ್ರಿಕೆ, ಬ್ಯಾನರು, ಮದುವೆಯ ಫೋಟೊ ಆಲ್ಬಮ್ಮು. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ, ಅದನ್ನು ಹೇಳದೆ ಮುಂದಿನದು ಅರ್ಥವಾಗದು. ನಮ್ಮ ಕಡೆ ಪತ್ರಿಕೆ ಮಾಡಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಬೀಗರದೋ, ಅಣ್ಣತಮ್ಮಂದಿರದೋ, ಯಾರದೋ ಹಳೆಯ ಪತ್ರಿಕೆ ತಂದು ಮೇಜಿನ ಮೇಲಿಟ್ಟು, ಇದರಂತೆಯೇ ಇರಲಿ, ಹೆಸರಷ್ಟು ಬದಲು ಮಾಡಿ ಎನ್ನುತ್ತಾರೆ. ಆ ಹಳೆಯ ಪತ್ರಿಕೆಯೂ ಅದಕ್ಕಿಂತ ಹಳೆಯದನ್ನು ನೋಡಿ ಆದದ್ದೇ. ನಡುವಿನ ಬರಹಕ್ಕೆ ನಾವು ‘ಮ್ಯಾಟರ್’ ಎನ್ನುತ್ತೇವೆ. ಅದನ್ನು ಮೊದಲು ಬರೆದವರು ಯಾರೆಂದು ಯಾರೂ ಕೇಳಿಲ್ಲ. ನನ್ನ ಡ್ರಾಯರಿನಲ್ಲೂ ಮೂರು ತಾಲೂಕಿನ ಅಂಗಡಿಗಳ ಪತ್ರಿಕೆಗಳು ತುಂಬಿಕೊಂಡಿವೆ. ಒಮ್ಮೆ ನಮ್ಮವರದೇ, ಬೌದ್ಧ ಕುಟುಂಬದ ಮದುವೆ. ಹಳೆಯ ಮ್ಯಾಟರ್ ಎತ್ತಿ, ಹೆಸರು ಬದಲಿಸಿ, ಬುದ್ಧನ ಚಿತ್ರವನ್ನೂ ಕೂರಿಸಿದೆ. ತಲೆಯ ಮೇಲಿದ್ದ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಮಾತ್ರ ಹಾಗೆಯೇ ಉಳಿದುಹೋಯಿತು. ಅಚ್ಚಾಗಿ, ಹಂಚಿ ಮುಗಿದ ಮೇಲೆ ವರನ ಅಪ್ಪ ಬಂದು, ಇಬ್ಬರೂ ಬರ್ತಾರೇನು ಮದುವೆಗೆ ಎಂದು ಕೇಳಿಹೋದ.

ಅಂದರೆ ನಾನೇನೂ ಸಾಚಾ ಇದ್ದವಳಲ್ಲ. ಇನ್ನೂ ಹಿಂದಿನದು ಹೇಳಬೇಕೆಂದರೆ, ನನ್ನ ಬಿ.ಎ. ಮುಗಿದದ್ದೇ ನೋಡಿ ಬರೆದು. ಪರೀಕ್ಷೆಯಲ್ಲಿ ಅಲ್ಲ, ತಪ್ಪು ತಿಳಿಯಬೇಡಿ. ಕಾಲೇಜಿನ ಗ್ರಂಥಾಲಯದಲ್ಲಿ ಇತಿಹಾಸದ ಪುಸ್ತಕ ಇದ್ದದ್ದು ಒಂದೇ ಪ್ರತಿ, ಮನೆಗೆ ಕೊಡುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕೂತು ಇಡೀ ಪುಸ್ತಕವನ್ನು ಆರು ನೋಟುಬುಕ್ಕಿಗೆ ಇಳಿಸಿದೆ. ಚಿತ್ರದ ಅಡಿಯ ಸಾಲುಗಳನ್ನೂ ಬಿಡಲಿಲ್ಲ, ಚಿತ್ರ ಮಾತ್ರ ಇಲ್ಲ. ಇಂದಿಗೂ ನನಗೆ ಎಷ್ಟೋ ರಾಜರ ಹೆಸರು ಗೊತ್ತು, ಮುಖ ಗೊತ್ತಿಲ್ಲ.

ಹೀಗೆ ಜೀವನವಿಡೀ ಬೇರೆಯವರ ಸಾಲು ಬರೆದವಳು ನನ್ನದೇ ಎಂದು ಬರೆದದ್ದು ಆ ಒಂದು ಪುಟ, ‘ನಮ್ಮ ಬಗ್ಗೆ’. ತಿಂಗಳಿಗೂ ಹೆಚ್ಚು ಹಿಡಿಯಿತು. ಬರೆದು ಹೊಡೆದು ಕೊನೆಗೆ ಉಳಿದದ್ದು ಇಷ್ಟು: “ನಮ್ಮ ಊರು ಕೊಂಕಲ್. ನಮ್ಮವ್ವ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತು ನನ್ನನ್ನು ಓದಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಕ್ಷರಕ್ಕಾಗಿ ಇಷ್ಟು ದೂರ ಬಂದವರ ಕೈಯಲ್ಲಿ ನಿಮ್ಮ ಮನೆಯವರ ಹೆಸರು ತಪ್ಪಾಗಿ ಅಚ್ಚಾಗುವುದಿಲ್ಲ.” ಮೇಲೆ ಶಹಾಪುರದ ಗುಡ್ಡದ ಫೋಟೊ, ಮಲಗಿದ ಬುದ್ಧನಂತೆ ಕಾಣುತ್ತದಲ್ಲ, ಅದೇ. ಮೂರನೆಯ ಸಾಲನ್ನು ನಾನು ದಿನಕ್ಕೊಮ್ಮೆಯಾದರೂ ಓದಿಕೊಳ್ಳುತ್ತಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎರಡು ಸಲ.

ಮಾಮಾ ಹೇಳಿದಂತೆ ಅದನ್ನು ಬಹಳ ಜನ ಓದಲಿಲ್ಲ. ಓದಿದವರಲ್ಲಿ ಒಬ್ಬರು ನಿವೃತ್ತ ಮಾಸ್ತರು. ಮಗಳ ಲಗ್ನಪತ್ರಿಕೆಗೆಂದು ಬಂದವರು ಫೋನು ನನ್ನ ಮುಂದೆ ಹಿಡಿದರು. ಸುರಪುರದ ಒಂದು ಲಗ್ನಪತ್ರಿಕೆ ಅಂಗಡಿಯ ವೆಬ್‌ಸೈಟು. “ನಮ್ಮ ಊರು ಬೋನಾಳ. ನಮ್ಮವ್ವ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತು ನನ್ನನ್ನು ಓದಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು.” ಕೊನೆಯವರೆಗೂ ಹಾಗೆಯೇ. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು ನಗುತ್ತಾ ಹೇಳಿದರು: “ಅವರ ಮ್ಯಾಟರ್ ಎತ್ತೀರಿ, ಹೋಗ್ಲಿ. ಅವರ ತಾಯಿನೂ ಬಿಡ್ಲಿಲ್ಲಲ್ರಿ. ಡಿಗ್ರಿ ಅರ ನಿಮ್ದ ಅದನೋ, ಅದೂ ಅವರದೋ?”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೂ ನಕ್ಕರು. ಕದ್ದವಳು ನಾನಲ್ಲ ಎಂದು ಹೇಳಿದೆ. ಹೇಳುವಾಗಲೇ ನನ್ನ ಕಿವಿಗೆ ಅದು ಕದ್ದವರು ಹೇಳುವ ಮಾತಿನಂತೆ ಕೇಳಿಸಿತು. ಮಾಸ್ತರು, ಅವರು ಮೊದಲೋ ನೀವು ಮೊದಲೋ ನನಗೇನು ಗೊತ್ತು ಎಂದು, ಪತ್ರಿಕೆಯನ್ನು ಬೇರೆ ಕಡೆ ಮಾಡಿಸಲು ಹೋದರು. ಗಿರಾಕಿ ಹೋದದ್ದಕ್ಕೆ ನಾನು ಅಷ್ಟು ಕೊರಗಲಿಲ್ಲ. ಆದರೆ ಡಿಗ್ರಿ ನಿಮ್ಮದೋ ಎಂಬ ಮಾತು ಹೋಗಲಿಲ್ಲ. ನಮ್ಮಂಥ ಮನೆಯಲ್ಲಿ ಡಿಗ್ರಿ ಎನ್ನುವುದು ಹೊಲ ಇದ್ದವರಿಗೆ ಹೊಲ ಇದ್ದಂತೆ. ಅದು ನಿಮ್ಮದು ಹೌದೇ ಎಂದು ಪೇಟೆಯಲ್ಲಿ ನಿಲ್ಲಿಸಿ ಕೇಳಿದರೆ ಹೇಗಾಗುತ್ತದೆ, ನೀವೇ ಹೇಳಿ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಆಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, “ನನಗ ಇನ್ನೊಬ್ಬ ಮಗ ಅದಾನಂತ ನನಗ ಗೊತ್ತೇ ಇರಲಿಲ್ಲ. ನಡಿ, ಅವನ ಮಾರಿ ನೋಡಿ ಬರೋಣ” ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಸುರಪುರದ ಬಸ್ಸು ಹತ್ತಿದೆವು. ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಡಿಗ್ರಿ ಸರ್ಟಿಫಿಕೇಟು. ಅದನ್ನು ಯಾರ ಮುಂದೆ, ಏಕೆ ತೋರಿಸಬೇಕೆಂದು ನನಗೇ ಸ್ಪಷ್ಟವಿರಲಿಲ್ಲ. ನನ್ನೂರಿನ ನೆಲಕ್ಕೆ ಕಾಲುವೆಯ ನೀರು ಬರಲಿಲ್ಲ. ಅವ್ವನೇ ಕಾಲುವೆ ಇದ್ದಲ್ಲಿಗೆ, ಶಹಾಪುರದ ಕಡೆಗೆ, ನನ್ನನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದಳು. ಈಗ ರಸ್ತೆಯ ಎರಡೂ ಬದಿಗೆ ಭತ್ತ. ಅವ್ವ ಕಿಟಕಿಗೆ ಮುಖ ಹಚ್ಚಿ, ಇಲ್ಲೆಲ್ಲ ಬರೀ ಕಲ್ಲಿತ್ತು ಎಂದು ಪ್ರತಿ ಸಲ ಹೇಳುವುದನ್ನೇ ಹೇಳಿದಳು. ನಾನು ಜಗಳದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಜೋಡಿಸಿದಂತೆಲ್ಲ, ಜಗಳಕ್ಕಿಂತ ಒಂದು ಕುತೂಹಲವೇ ಮುಂದೆ ಬಂದು ನಿಲ್ಲುತ್ತಿತ್ತು. ಬೇರೆಯವರ ಅವ್ವನನ್ನು ತನ್ನ ಅಂಗಡಿಯ ಮೇಲೆ ಬರೆದುಕೊಂಡವನು ನೋಡಲು ಹೇಗಿರುತ್ತಾನೆ?

ಸಾದಾ ಇದ್ದ. ಹೆಸರು ಹಣಮಂತ, ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವನು. ಮೂಲೆಯಲ್ಲಿ ಅವನ ತಾಯಿ ದೇವಮ್ಮ ಕೂತು ಪತ್ರಿಕೆಗಳನ್ನು ಲಕೋಟೆಗೆ ತುಂಬುತ್ತಿದ್ದಳು. ನಮ್ಮನ್ನು ಗಿರಾಕಿಗಳೆಂದೇ ತಿಳಿದು ಚಹಾ ಹೇಳಿದ. ನಿಮ್ಮ ವೆಬ್‌ಸೈಟು ತೋರಿಸಿ ಎಂದೆ. ಹೆಮ್ಮೆಯಿಂದ ತೆರೆದ. ಊರು ಬದಲಿಸಿದ್ದ, ಅಂಗಡಿಯ ಹೆಸರು ಬದಲಿಸಿದ್ದ, ಮೇಲಿನ ಗುಡ್ಡವನ್ನು ಬದಲಿಸಲು ಮರೆತಿದ್ದ.

“ಇದು ಶಹಾಪುರದ ಗುಡ್ಡ ಅಲ್ಲೇನಪ್ಪಾ?” ಎಂದಳು ಅವ್ವ.

“ಹೌದ್ರಿ ಯವ್ವಾ. ಛಲೋ ಕಾಣ್ತದಲ್ರಿ?”

ಅವನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ನಾನು ಯಾರೆಂದು ಹೇಳಿ, ಸರ್ಟಿಫಿಕೇಟು ತೆಗೆದು ಅವನ ಮೇಜಿನ ಮೇಲಿಟ್ಟೆ. ಅವನು ಕೈ ಒರೆಸಿಕೊಂಡು ಅದನ್ನು ಎತ್ತಿ, ಮೇಲಿನಿಂದ ಕೆಳಗಿನ ಸಹಿಯವರೆಗೆ ಓದಿದ. ಆಮೇಲೆ ನಿಜವಾಗಿ ಅರ್ಥವಾಗದವನಂತೆ ಕೇಳಿದ: “ಅಕ್ಕಾರ, ಮ್ಯಾಟರ್ ಯಾರದರ ಇರ್ತದೇನ್ರಿ? ಹೆಸ್ರು ಬದ್ಲ ಮಾಡೀನಲ್ರಿ.”

ಶಹಾಪುರದ ನನ್ನ ಡ್ರಾಯರು ಕಣ್ಣ ಮುಂದೆ ಬಂತು. ಅವನು ಮಾಡಿದ್ದು ನಾನು ದಿನಾ ಮಾಡುವುದನ್ನೇ. ನನ್ನ ಬದುಕನ್ನು ಒಂದು ಹಳೆಯ ಲಗ್ನಪತ್ರಿಕೆ ಎಂದು ತಿಳಿದು ಹೆಸರು ಬದಲಿಸಿದ್ದ. ಸೋಲಬಾರದೆಂದು, ಮ್ಯಾಟರ್ ಹೋಗಲಿ, ಮಣ್ಣು ಹೊತ್ತವಳು ನನ್ನ ಅವ್ವ ಎಂದೆ.

“ನಮ್ಮವ್ವನೂ ಹೊತ್ತಾಳ್ರಿ” ಎಂದ.

ದೇವಮ್ಮ ಲಕೋಟೆ ಕೆಳಗಿಟ್ಟಳು. ಎಲ್ಲಿ ಹೊತ್ತಿದ್ದೆ ಎಂದು ಅವ್ವ ಕೇಳಿದಳು. ಆಮೇಲೆ ನನ್ನ ಜಗಳಕ್ಕೆ ಜಾಗವೇ ಸಿಗಲಿಲ್ಲ. ಯಾವ ಗುತ್ತಿಗೆದಾರ, ಯಾವ ಏರಿ, ಗುಡಿಸಲು ಎತ್ತ ಮುಖ ಮಾಡಿತ್ತು, ತಲೆಗೆ ಸಿಂಬಿ ಮಾಡಿಕೊಳ್ಳಲು ಹಳೆಯ ಸೀರೆ ಸಾಲದೆ ಏನು ಸುತ್ತಿಕೊಳ್ಳುತ್ತಿದ್ದರು, ಎಲ್ಲ ಬಂತು. ಇಬ್ಬರೂ ಕೆಲಸ ಮಾಡಿದ್ದು ಬೇರೆ ಬೇರೆ ಕಡೆ. ಆದರೂ ಕೇಳುತ್ತಾ ಕೂತರೆ ಒಬ್ಬಳೇ ಮಾತಾಡುತ್ತಿದ್ದಾಳೆ ಎನಿಸುತ್ತಿತ್ತು.

ಅವರಿಬ್ಬರ ಮಾತು ನಿಂತಾಗ ನಾನು ಹಣಮಂತನನ್ನು ಕೇಳಿದೆ. ತಾಯಿಯ ಸಾಲು ಸರಿ, ಡಿಗ್ರಿಯ ಸಾಲು?

ಅವನು ಕೀಬೋರ್ಡಿನ ಮೇಲಿನ ಧೂಳು ಒರೆಸಿದ. “ಇಂಗ್ಲಿಷ್ ಉಳದದ್ರಿ. ಮೂರು ಸಲ ಪರೀಕ್ಷೆ ಕಟ್ಟೀನಿ, ಪಾಸಾಗಿಲ್ಲ. ಬಾಕಿ ಸಾಲೆಲ್ಲಾ ನಮ್ಮನ್ಯಾಗೂ ಖರೇನೇ ಇತ್ತು. ಅದೊಂದು ತೆಗದ್ರ ಮ್ಯಾಟರ್ ಕುಂಟ್ತದಂತ ಹಂಗ ಬಿಟ್ಟೆ.”

ಆಗ ನಾನು, ಎಂದೂ ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದೆ. ನನಗೂ ಇಂಗ್ಲಿಷ್ ಒಂದು ಸಲ ಉಳಿದಿತ್ತು. ನನ್ನ ಪುಟದ ಮೂರನೆಯ ಸಾಲಿನಲ್ಲಿ ಅದಿಲ್ಲ. ಅವ್ವನಿಗೂ ಗೊತ್ತಿಲ್ಲ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಅವ್ವ ನನ್ನ ಕಡೆ ತಿರುಗದೆಯೇ, “ಗೊತ್ತಿತ್ತು ಬಿಡು. ಆ ವರ್ಷ ಪೇಢೆ ತರಲಿಲ್ಲಲ್ಲ ನೀ” ಎಂದಳು. ದೇವಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹೊರಡುವ ಮುನ್ನ ಹಣಮಂತನಿಗೆ ಹೇಳಿದೆ. ಲಗ್ನದ ಮ್ಯಾಟರ್ ಯಾರದೂ ಅಲ್ಲ, ಒಪ್ಪುತ್ತೇನೆ. ಆದರೆ ಡಿಗ್ರಿಯ ಸಾಲು ನನ್ನದು. ನಿನ್ನ ಪುಟದಲ್ಲಿ ಅದಿರುವವರೆಗೆ ನನ್ನ ಪುಟದಲ್ಲಿ ಅದನ್ನು ಯಾರೂ ನಂಬುವುದಿಲ್ಲ. ನಿನ್ನ ಅವ್ವ ಇಲ್ಲೇ ಕೂತಿದ್ದಾಳೆ, ಆಕೆಯನ್ನು ಕೇಳಿ ನಿನ್ನದನ್ನು ನೀನು ಬರೆ. ಅವನು ನನ್ನೆದುರಿಗೇ ಪುಟದ ಬರಹವನ್ನು ಅಳಿಸಿದ. ಗುಡ್ಡವನ್ನೂ ತೆಗೆಯಲು ಹೋದಾಗ, ಇರಲಿ ಬಿಡು ಎಂದೆ. ಗುಡ್ಡ ನಾನು ಬರೆದದ್ದಲ್ಲ.

ಆ ಜಾಗ ಕೆಲವು ವಾರ ಖಾಲಿ ಇತ್ತು. ನಾನು ದಿನಾ ತೆರೆದು ನೋಡುತ್ತಿದ್ದೆ. ಒಂದು ದಿನ ಬರಹ ಬಂತು: “ನಮ್ಮವ್ವ ಎಷ್ಟು ಬುಟ್ಟಿ ಮಣ್ಣು ಹೊತ್ತಳೋ ಯಾರೂ ಬರೆದಿಟ್ಟಿಲ್ಲ. ಬಸ್ಸು ಕಾಲುವೆ ದಾಟುವಾಗ ಆಕೆ ಮಾತು ನಿಲ್ಲಿಸುತ್ತಾಳೆ, ದಾಟಿದ ಮೇಲೆ ಬಿಟ್ಟಲ್ಲಿಂದ ಹೇಳುತ್ತಾಳೆ. ನನ್ನ ಬಿ.ಎ.ದಲ್ಲಿ ಒಂದು ವಿಷಯ ಉಳಿದಿದೆ. ನಿಮ್ಮ ಪತ್ರಿಕೆಯಲ್ಲಿ ಏನೂ ಉಳಿಯದಂತೆ ನೋಡಿಕೊಳ್ಳುತ್ತೇನೆ.”

ನಿಜ ಹೇಳುತ್ತೇನೆ, ಓದಿ ನನಗೆ ಹೊಟ್ಟೆಕಿಚ್ಚಾಯಿತು. ಆ ಬಸ್ಸಿನ ಸಾಲನ್ನು ನಾನು ಬರೆಯಬೇಕಿತ್ತು. ಅದೇ ಬಸ್ಸಿನಲ್ಲಿ, ಅದೇ ಕಾಲುವೆಯ ಮೇಲೆ, ಅವ್ವನ ಪಕ್ಕದಲ್ಲಿ ಕೂತು ನಾನು ಜಗಳದ ಮಾತು ಜೋಡಿಸುತ್ತಿದ್ದೆ. ಎತ್ತಿ ನನ್ನ ಪುಟಕ್ಕೆ ಹಾಕಿಕೊಂಡು ಊರ ಹೆಸರಷ್ಟು ಬದಲಿಸಿದರೆ ಹೇಗೆ ಎಂದು ಒಂದು ಕ್ಷಣ ಅನಿಸಿತು. ಕದಿಯುವವನಿಗೆ ಕೈ ಏಕೆ ತುರಿಸುತ್ತದೆ ಎಂದು ಅಂದು ತಿಳಿಯಿತು. ಅದು ದ್ವೇಷದಿಂದ ಬರುವುದಿಲ್ಲ, ಇದು ನನ್ನದೇ ಅಲ್ಲವೇ ಎಂಬ ಆಸೆಯಿಂದ ಬರುತ್ತದೆ.

ಮಾಸ್ತರು ಆಮೇಲೆ ಒಮ್ಮೆ ಅಂಗಡಿಗೆ ಬಂದಿದ್ದರು. ಎರಡೂ ಪುಟ ಓದಿದ್ದರಂತೆ. ಡಿಗ್ರಿ ನಿಮ್ಮದೇ ಎಂದು ಗೊತ್ತಾಯಿತು, ತಪ್ಪಾಯಿತು ಎಂದರು. ನಾನು ಖುಷಿಪಡುವಷ್ಟರಲ್ಲಿ, ಬರವಣಿಗೆ ಮಾತ್ರ ಅವರದೇ ಒಂದು ಕೈ ಮೇಲು ಎಂದು ಸೇರಿಸಿ ಹೋದರು.

ನಾನು ನನ್ನ ಇಂಗ್ಲಿಷ್ ನೋಟುಬುಕ್ಕುಗಳನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಸುರಪುರಕ್ಕೆ ಕಳಿಸಿದೆ. ಹಣಮಂತ ಅವನ್ನೆಲ್ಲ ಕೈಯಲ್ಲೇ ನಕಲು ಮಾಡಿಕೊಂಡು ವಾಪಸು ಕಳಿಸಿದ. ವಿಶ್ವವಿದ್ಯಾಲಯದವರು ಹಳೆಯ ವಿಷಯ ಉಳಿದವರಿಗೆ ಇನ್ನೊಂದು ಅವಕಾಶ ಕೊಟ್ಟ ವರ್ಷ ಮತ್ತೆ ಪರೀಕ್ಷೆ ಕಟ್ಟಿದ. ಆಮೇಲೆ ಬಹಳ ದಿನ ಅವನ ಸುದ್ದಿ ಇರಲಿಲ್ಲ. ನಾನೂ ಕೇಳಲಿಲ್ಲ. ಇಂಥದ್ದನ್ನು ಕೇಳಬಾರದೆಂದು ಒಂದು ವಿಷಯ ಉಳಿಸಿಕೊಂಡವರಿಗಷ್ಟೇ ಗೊತ್ತಿರುತ್ತದೆ.

ನಿನ್ನೆ ನಾನು ಆ ಕಟ್ಟು ಬಿಚ್ಚುತ್ತಿದ್ದಾಗಲೇ ಅವನು ಬಂದ, ಹಿಂದೆ ದೇವಮ್ಮ. ಅವ್ವ ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದಳು. ಅವನು ನನಗೆ ನಮಸ್ಕಾರ ಹೇಳಿ, ನೇರ ಅವ್ವನ ಮುಂದೆ ಹೋಗಿ ಎರಡೂ ಕೈಯಿಂದ ಒಂದು ಕಾಗದ ಕೊಟ್ಟ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಆ ಕಾಗದದ ಗುರುತು ಗೊತ್ತು. ಅದರ ಮುದ್ರೆಯ ಮೇಲೆ ಬೆರಳಾಡಿಸಿ ನನ್ನ ಕೈಗಿತ್ತಳು. ನಾನು ದೇವಮ್ಮನಿಗೆ ಕೇಳಿಸುವಂತೆ ಓದಿದೆ, ಹೆಸರು, ವಿಷಯಗಳು, ತೇರ್ಗಡೆ.

ನನ್ನ ಕಂಪ್ಯೂಟರಿನ ಪರದೆಯ ಮೇಲೆ ನನ್ನ ಪುಟ ತೆರೆದಿತ್ತು, ಹಣಮಂತ ಅದರ ಡಿಗ್ರಿಯ ಸಾಲನ್ನೊಮ್ಮೆ ನೋಡಿ ಕಣ್ಣು ಬೇರೆಡೆ ಹೊರಳಿಸಿದ. ಅವ್ವ ಅದನ್ನು ಗಮನಿಸಿದಳು.

“ಈಗ ಆ ಸಾಲು ಅವಂಗೂ ಕೊಡವ್ವ” ಎಂದಳು. “ನಿನಗ ಬ್ಯಾರೆ ಬರಿಯಾಕ ಬರ್ತದಲ್ಲ.”